ಟೈಮ್ ಆಫೀಸ್: ಸರಿಯಾದ ಕೆಲಸಗಾರರನ್ನು ಆರಿಸುವುದು ಹೇಗೆ?

ಈ ಸಲ ಬಂದ ಪತ್ರಗಳದ್ದು ಹೆಚ್ಚುಕಡಿಮೆ ಒಂದೇ ದೂರು. ಮಂದಿ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ. ನಾನು ಬೆಳಗಾವಿಯ ಒಂದು ಫೌಂಡ್ರಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಕ್ಲಾರ್ಕ್ ಆಗಿ ಸೇರಿ, ಪರ್ಸನಲ್ ಮ್ಯಾನೇಜರ್ ಆಗಿ ನಿವೃತ್ತಳಾದವಳು. ಗೇಟಿನ ಹತ್ತಿರ ಕೂತವರಿಗೆ ಒಂದು ಅನುಕೂಲ ಇರುತ್ತದೆ. ಯಾರು ಒಳಗೆ ಬಂದರು ಅನ್ನುವುದಷ್ಟೇ ಅಲ್ಲ, ಯಾರು ಯಾಕೆ ಬಿಟ್ಟು ಹೋದರು ಅನ್ನುವುದೂ ಕಿವಿಗೆ ಬೀಳುತ್ತದೆ. ಹಾಗಾಗಿ ಮಾಲೀಕರಿಗೆ ಸ್ವಲ್ಪ ಖಾರ ಅನಿಸುವ ಉತ್ತರಗಳೂ ಇಲ್ಲಿವೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾವ್ರೇ, ನಮ್ಮದು ಸಣ್ಣ ಮಷೀನ್ ಶಾಪ್. ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕಡಿಯುವ ಎರಡು ಸಿಎನ್‌ಸಿ ಲೇಥ್, ಒಂದು ವಿಎಂಸಿ (ಮಿಲ್ಲಿಂಗ್ ಮಷೀನ್) ಇವೆ. ಆಪರೇಟರ್ ಬೇಕು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಫೋನ್ ಮೇಲೆ ಫೋನ್. ಎಲ್ಲರೂ ‘ಐದು ವರ್ಷ ಅನುಭವ’ ಅನ್ನುತ್ತಾರೆ. ಒಬ್ಬ ಹುಡುಗನನ್ನು ತೆಗೆದುಕೊಂಡೆ. ಮಾತು ಚೆನ್ನಾಗಿತ್ತು, ಐಟಿಐ ಸರ್ಟಿಫಿಕೇಟೂ ಇತ್ತು. ಎರಡನೇ ವಾರವೇ ಟೂಲನ್ನು ಚಕ್‌ಗೆ (ಲೋಹದ ತುಂಡು ಹಿಡಿಯುವ ಭಾಗಕ್ಕೆ) ಗುದ್ದಿಸಿದ. ಮುಂದಿನವನನ್ನು ಹೇಗೆ ಪರೀಕ್ಷೆ ಮಾಡಲಿ?
– ವರ್ಕ್‌ಶಾಪ್ ಮಾಲೀಕರು, ಉದ್ಯಮಬಾಗ, ಬೆಳಗಾವಿ

ಉತ್ತರ: ಸಾಹೇಬರೇ, ಮೊದಲು ನಿಮ್ಮ ಜಾಹೀರಾತನ್ನೇ ನೋಡೋಣ. ‘ಸಿಎನ್‌ಸಿ ಆಪರೇಟರ್ ಬೇಕು, ಅನುಭವಸ್ಥರಿಗೆ ಆದ್ಯತೆ, ಸಂಬಳ ಬಂದು ಮಾತಾಡೋಣ.’ ಇಷ್ಟೇ ತಾನೇ ಹಾಕಿದ್ದು? ನಮ್ಮ ಊರಲ್ಲಿ ಜಾಬ್ (ತಯಾರಾಗುವ ತುಂಡು) ಹಾಕಿ, ಬಟನ್ ಒತ್ತಿ, ಜಾಬ್ ತೆಗೆಯುವವನೂ ಆಪರೇಟರ್. ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ) ಕೊಟ್ಟು ಸೆಟ್ಟಿಂಗ್ ಮಾಡುವವನೂ ಆಪರೇಟರ್. ಪ್ರೋಗ್ರಾಂ ತಿದ್ದುವವನೂ ಆಪರೇಟರ್. ಇವರಲ್ಲಿ ನಿಮಗೆ ಯಾರು ಬೇಕು ಅಂತ ನೀವೇ ತೀರ್ಮಾನ ಮಾಡಿರಲಿಲ್ಲ ಅನಿಸುತ್ತದೆ. ಬಟನ್ ಒತ್ತಿ ಗೊತ್ತಿದ್ದ ಹುಡುಗನಿಗೆ ಸೆಟ್ಟಿಂಗ್ ಮಾಡು ಅಂದರೆ ಟೂಲು ಚಕ್‌ಗೆ ಹೋಗಿ ಬಡಿಯುತ್ತದೆ, ಮತ್ತೇನು?

ಒಂದು ಹಾಳೆ ತಗೊಳ್ಳಿ. ಈ ಮನುಷ್ಯ ಬೆಳಗ್ಗೆ ಬಂದು ಶಿಫ್ಟ್ ಮುಗಿಯುವವರೆಗೆ ಏನೇನು ಮಾಡಬೇಕು ಅಂತ ಬರೆಯಿರಿ. ಮಷೀನಿನ ಕಂಟ್ರೋಲ್ ಯಾವುದು, ಫಾನುಕ್ಕೋ ಸೀಮೆನ್ಸೋ. ಕಾಸ್ಟಿಂಗ್ ಜಾಸ್ತಿಯೋ, ಬಾರ್ ಜಾಸ್ತಿಯೋ. ಇನ್ಸರ್ಟ್ (ಟೂಲಿನ ಕಡಿಯುವ ಅಲಗು) ಬದಲಾಯಿಸುವುದು ಅವನೋ, ಸೂಪರ್‌ವೈಸರೋ. ಆಮೇಲೆ ಹಾಳೆಯ ನಡುವೆ ಗೆರೆ ಎಳೆಯಿರಿ. ಮೊದಲ ದಿನವೇ ಬರಬೇಕಾದದ್ದು ಎಡಕ್ಕೆ, ಒಂದು ತಿಂಗಳಲ್ಲಿ ನೀವು ಕಲಿಸಬಹುದಾದದ್ದು ಬಲಕ್ಕೆ. ಎಡಗಡೆಯ ಪಟ್ಟಿ ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗುತ್ತದೆ. ಆಯ್ಕೆ ಮಾಡಬೇಕಾದದ್ದು ಆ ಪಟ್ಟಿ ನೋಡಿಯೇ. ಬಲಗಡೆಯದನ್ನೆಲ್ಲ ಕೇಳುತ್ತಾ ಕೂತರೆ ಒಳ್ಳೆಯ ಹುಡುಗರು ತಪ್ಪಿಹೋಗುತ್ತಾರೆ.

ಜಾಹೀರಾತಿನಲ್ಲಿ ಸಂಬಳ ಇಷ್ಟರಿಂದ ಇಷ್ಟು ಅಂತ ಹಾಕಿ. ಬೇರೆ ಕಡೆ ಚೆನ್ನಾಗಿ ದುಡಿಯುತ್ತಿರುವವನು ಒಂದು ದಿನದ ಪಗಾರ ಬಿಟ್ಟು ನಿಮ್ಮ ‘ಬಂದು ಮಾತಾಡೋಣ’ ಕೇಳಲು ಬರುವುದಿಲ್ಲ. ಸುಮ್ಮನೆ ಕೂತವರೇ ಬರುತ್ತಾರೆ. ಪಿಎಫ್, ಇಎಸ್‌ಐ ಇದ್ದರೆ ಅದನ್ನೂ ಹಾಕಿ, ನಮ್ಮ ಕಡೆ ಮನೆಯವರು ಮೊದಲು ಕೇಳುವುದೇ ಅದನ್ನು. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆಯಿರಿ. ಸೆಕೆಂಡ್ ಶಿಫ್ಟ್ ಎಷ್ಟಕ್ಕೆ ಬಿಡುತ್ತದೆ ಅನ್ನುವುದು ಮರೆಯಬೇಡಿ. ಖಾನಾಪುರ, ಬೈಲಹೊಂಗಲ, ಹುಕ್ಕೇರಿ ಕಡೆಯ ಹುಡುಗನಿಗೆ ನಿಮ್ಮ ಮಷೀನಿಗಿಂತ ಕೊನೆಯ ಬಸ್ಸು ದೊಡ್ಡ ವಿಷಯ. ನಿಪ್ಪಾಣಿಯವನಾದರೆ ಮಹಾರಾಷ್ಟ್ರದ ಕಾಗಲ್ ಎಂಐಡಿಸಿ ಕೈಗಾರಿಕಾ ಪ್ರದೇಶ ಅವನಿಗೆ ನಿಮಗಿಂತ ಹತ್ತಿರ. ಅವನು ನಿಮ್ಮ ಹತ್ತಿರ ಯಾಕೆ ಬರಬೇಕು ಅನ್ನುವುದಕ್ಕೂ ಒಂದು ಉತ್ತರ ಇಟ್ಟುಕೊಂಡಿರಿ.

ಈಗ ಪರೀಕ್ಷೆ. ಕುರ್ಚಿ, ಚಹಾ, ‘ನಿನ್ನ ಬಗ್ಗೆ ಹೇಳು’ ಇವೆಲ್ಲ ಆಮೇಲೆ. ಮೊದಲು ಒಂದು ಟೇಬಲ್ ಮೇಲೆ ಮೂರು ಶಾಫ್ಟ್ ತುಂಡು, ಒಂದು ಡ್ರಾಯಿಂಗ್, ಒಂದು ವರ್ನಿಯರ್, 25ರಿಂದ 50ರ ಒಂದು ಮೈಕ್ರೋಮೀಟರ್, ಅದರ ಝೀರೋ ನೋಡುವ ಸ್ಟ್ಯಾಂಡರ್ಡ್ ತುಂಡು, ಒಂದು ಬಟ್ಟೆ ಇಡಿ. ಡ್ರಾಯಿಂಗ್‌ನಲ್ಲಿ 30 ಮಿ.ಮೀ. ವ್ಯಾಸ, ಮೇಲಿನ ಮಿತಿ ಸೊನ್ನೆ, ಕೆಳಗೆ 0.02 ಅಂತಿರಲಿ. ಅಂದರೆ 30.00ರಿಂದ 29.98ರೊಳಗೆ ಬಂದರೆ ಪಾಸು. ತುಂಡುಗಳಲ್ಲಿ ಒಂದು 29.99, ಒಂದು 29.96, ಒಂದು 30.03 ಇರುವಂತೆ ಮೊದಲೇ ಆರಿಸಿಡಿ. ಇನ್ನೊಂದು ಕಿತಾಪತಿ ಮಾಡಿ. ಮೈಕ್ರೋಮೀಟರಿನ ಝೀರೋ ಒಂದೆರಡು ಗೆರೆ ತಪ್ಪಿರಲಿ.

‘ಇವನ್ನು ಚೆಕ್ ಮಾಡಿ ಹೇಳಪ್ಪ’ ಅಂತ ಹೇಳಿ, ಪಕ್ಕಕ್ಕೆ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ಬಟ್ಟೆ ತಗೊಂಡು ತುಂಡು ಒರೆಸಿದನಾ? ವರ್ನಿಯರಿಗೆ ಕೈ ಹಾಕಿದನಾ, ಮೈಕ್ರೋಮೀಟರಿಗಾ? ವರ್ನಿಯರ್ ತೋರಿಸುವುದೇ 0.02ರ ಲೆಕ್ಕದಲ್ಲಿ. ಇಷ್ಟು ಸಣ್ಣ ಮಿತಿಗೆ ಅದು ಸಾಲದು ಅನ್ನುವುದು ಅವನಿಗೆ ಹೊಳೆಯಬೇಕು. ಅಳತೆಗೆ ಮುಂಚೆ ಸ್ಟ್ಯಾಂಡರ್ಡ್ ಹಿಡಿದು ಝೀರೋ ನೋಡಿದನಾ? ಹೆಚ್ಚು ಬಿಗಿಯಾಗದಂತೆ ತಡೆಯುವ ತುದಿಯ ರ‍್ಯಾಚೆಟ್ ತಿರುಗಿಸಿದನಾ, ಇಲ್ಲ ಥಿಂಬಲನ್ನೇ (ಗೆರೆಗಳಿರುವ ತಿರುಗುವ ಭಾಗವನ್ನೇ) ಸ್ಪ್ಯಾನರ್ ಹಿಡಿದ ಹಾಗೆ ಬಿಗಿದನಾ? ಕೊನೆಗೆ ಒಂದೇ ಪ್ರಶ್ನೆ ಕೇಳಿ: ‘ತಪ್ಪಿದ ಎರಡನ್ನು ಏನು ಮಾಡುತ್ತೀಯ?’ 30.03 ಇದ್ದದ್ದನ್ನು ಇನ್ನೊಂದು ಕಟ್ ತಗೊಂಡು ಉಳಿಸಬಹುದು, 29.96 ಸ್ಕ್ರ್ಯಾಪ್. ಇದನ್ನು ಹೇಳುವವನಿಗೆ ಲೋಹದ ಜೊತೆ ಒಡನಾಟ ಇದೆ. ಎರಡನ್ನೂ ‘ರಿಜೆಕ್ಟ್’ ಅಂದವನು ಪಕ್ಕದವನ ಕೆಲಸ ನೋಡಿಕೊಂಡು ಇದ್ದವನು ಅಂತ ಲೆಕ್ಕ.

ಅಲ್ಲಿಂದ ಮಷೀನಿನ ಹತ್ತಿರ ಕರೆದುಕೊಂಡು ಹೋಗಿ. ಓಡಿಸಲು ಕೊಡಬೇಡಿ, ನಿಮ್ಮ ಆಪರೇಟರ್ ಪಕ್ಕದಲ್ಲೇ ಇರಲಿ. ‘ಜಾಬಿನ ವ್ಯಾಸ 0.04 ದಪ್ಪ ಬಂದಿದೆ. ವೇರ್ ಆಫ್‌ಸೆಟ್‌ನಲ್ಲಿ ಏನು ಹಾಕುತ್ತೀಯ?’ ವ್ಯಾಸದ ಲೆಕ್ಕದಲ್ಲಿ ನಡೆಯುವ ಲೇಥ್ ಆದರೆ ಎಕ್ಸ್‌ನಲ್ಲಿ ಮೈನಸ್ 0.04. ಪ್ಲಸ್ ಹಾಕಿದರೆ ಮುಂದಿನ ಜಾಬ್ ಇನ್ನೂ ದಪ್ಪ. ಆಮೇಲೆ ಕೇಳಿ: ‘ಟೂಲ್ ಬದಲಾಯಿಸಿದ ಮೇಲೆ ಮೊದಲ ಜಾಬ್ ಹೇಗೆ ಓಡಿಸುತ್ತೀಯ?’ ಸಿಂಗಲ್ ಬ್ಲಾಕ್ (ಪ್ರೋಗ್ರಾಂನ ಒಂದೊಂದೇ ಸಾಲು ಓಡಿಸುವುದು) ಹಾಕಿ, ಫೀಡ್ ಕಡಿಮೆ ಇಟ್ಟು, ಕೈ ಬಟನ್ ಮೇಲೆ ಇಟ್ಟುಕೊಂಡು ಅಂತ ತಾನಾಗಿ ಹೇಳುವವನು ನಿಮ್ಮ ಚಕ್ ಉಳಿಸುತ್ತಾನೆ. ಇಷ್ಟಕ್ಕೆಲ್ಲ ಮುಕ್ಕಾಲು ಗಂಟೆ ಸಾಕು. ಅರ್ಧ ದಿನ ಇಟ್ಟುಕೊಂಡು ನಿಜವಾದ ಕೆಲಸ ಮಾಡಿಸಿದರೆ ಮಾತ್ರ ಆ ಹೊತ್ತಿನ ಕೂಲಿ ಕೊಟ್ಟು ಕಳಿಸಿ.

ಆಮೇಲೆ ಮಾತು. ಬಂದವರಿಗೆಲ್ಲ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ‘ನಿನ್ನ ಕೈಯಲ್ಲಿ ಕೊನೆಗೆ ಸ್ಕ್ರ್ಯಾಪ್ ಆದ ಜಾಬ್ ಯಾವುದು? ಯಾರಿಗೆ ಹೇಳಿದೆ?’ ಅನ್ನುವುದು ನನ್ನ ಮೆಚ್ಚಿನ ಪ್ರಶ್ನೆ. ಪ್ರತಿ ಉತ್ತರಕ್ಕೂ ಅಲ್ಲೇ ಐದರಲ್ಲಿ ಇಷ್ಟು ಅಂತ ಅಂಕ ಹಾಕಿ. ಜೊತೆಗೆ ಕೂತ ಫೋರ್‌ಮನ್ ಬೇರೆ ಹಾಳೆಯಲ್ಲಿ ಹಾಕಲಿ. ಇಬ್ಬರೂ ಹಾಕಿ ಮುಗಿಸುವ ತನಕ ಒಬ್ಬರಿಗೊಬ್ಬರು ಮಾತಾಡಬೇಡಿ. ಮಾಲೀಕರು ‘ಹುಡುಗ ಚಲೋ ಅದಾನ’ ಅಂದ ಮೇಲೆ ಯಾವ ಫೋರ್‌ಮನ್ ಇಲ್ಲ ಅನ್ನುತ್ತಾನೆ, ಹೇಳಿ?

ಇದು ನನ್ನೊಬ್ಬಳ ಹಟ ಅಲ್ಲ. ಶ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು 1998ರಲ್ಲಿ ಒಂದು ಲೆಕ್ಕ ಕೊಟ್ಟರು. ಆಯ್ಕೆ ಮಾಡುವಾಗ ನೋಡಿದ್ದಕ್ಕೂ ಆಮೇಲೆ ಆ ಮನುಷ್ಯ ಮಾಡಿದ ಕೆಲಸಕ್ಕೂ ಎಷ್ಟು ಹೊಂದಿಕೆ ಅನ್ನುವ ಲೆಕ್ಕ ಅದು. ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವ ಸಂದರ್ಶನಕ್ಕೆ 0.51 ಬಂತು, ಬಾಯಿಗೆ ಬಂದಂತೆ ಕೇಳುವ ಸಂದರ್ಶನಕ್ಕೆ 0.38. ಎಷ್ಟು ವರ್ಷ ಅನುಭವ ಅನ್ನುವುದಕ್ಕೆ ಬರೀ 0.18. 2022ರಲ್ಲಿ ಸ್ಯಾಕೆಟ್ ಮತ್ತವರ ಸಂಗಡಿಗರು ಇದನ್ನೇ ಮತ್ತೆ ಲೆಕ್ಕ ಹಾಕಿದಾಗ ಹೆಚ್ಚಿನ ಅಂಕಿಗಳು ಇಳಿದವು. ಆದರೂ ಒಂದೇ ಪ್ರಶ್ನೆಯ ಸಂದರ್ಶನ 0.42ರೊಂದಿಗೆ ಎಲ್ಲಕ್ಕಿಂತ ಮೇಲೆ ನಿಂತಿತು. ನೀವು ಫೋನಿನಲ್ಲಿ ಕೇಳಿ ಖುಷಿಪಟ್ಟ ‘ಐದು ವರ್ಷ’ದ ಬೆಲೆ ಅಷ್ಟೇ ನೋಡಿ.

ಪ್ರಶ್ನೆ: ನಮ್ಮದು ಇಳಕಲ್ ಸೀರೆಗಳ ಹೋಲ್‌ಸೇಲ್ ವ್ಯಾಪಾರ. ಸೊಲ್ಲಾಪುರ, ಕೊಲ್ಲಾಪುರಕ್ಕೂ ಮಾಲು ಹೋಗುತ್ತದೆ. ಲೆಕ್ಕ ನೋಡಿಕೊಳ್ಳಲು ಒಬ್ಬರು ಬೇಕು. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಬರುತ್ತದೆ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ನಡುವೆ ಬೀಗರು ತಮ್ಮ ತಂಗಿಯ ಮಗನನ್ನೇ ತಗೊಳ್ಳಿ ಅಂತ ಗಂಟುಬಿದ್ದಿದ್ದಾರೆ. ಬೇಡ ಅಂದರೆ ಸಂಬಂಧ ಕೆಡುತ್ತದೆ. ಹಣದ ವಿಷಯ ಆದ್ದರಿಂದ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರೆ ಒಳ್ಳೆಯದಲ್ಲವೇ?
– ವ್ಯಾಪಾರಿ, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ಬೇಡ. ಒರಿಜಿನಲ್ ನೋಡಿ, ಝೆರಾಕ್ಸ್ ಇಟ್ಟುಕೊಂಡು, ಅಲ್ಲೇ ವಾಪಸ್ ಕೊಡಿ. ಡಿಜಿಲಾಕರ್‌ನಲ್ಲಿ ಇದ್ದರೆ ಅವರ ಮೊಬೈಲಿನಲ್ಲೇ ತೆಗೆದು ತೋರಿಸಲಿ, ಖೊಟ್ಟಿ ಕಾಗದದ ಭಯವೂ ಇರುವುದಿಲ್ಲ. ಮಾರ್ಕ್ಸ್ ಕಾರ್ಡ್ ಅಡ ಇಟ್ಟುಕೊಂಡರೆ ಕಳ್ಳತನ ನಿಲ್ಲುವುದಿಲ್ಲ, ಒಳ್ಳೆಯವರು ಬರುವುದು ನಿಲ್ಲುತ್ತದೆ. ಹಣ ಉಳಿಸಬೇಕೆಂದರೆ ಬೇರೆ ದಾರಿ ಇದೆ. ನಗದು ಮುಟ್ಟುವವರು ಬೇರೆ, ಪುಸ್ತಕ ಬರೆಯುವವರು ಬೇರೆ ಇರಲಿ. ಬ್ಯಾಂಕಿನ ಒಟಿಪಿ ನಿಮ್ಮ ಫೋನಿಗೇ ಬರಲಿ. ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ನೀವೇ ತೆಗೆದು ಟ್ಯಾಲಿ ಜೊತೆ ಹೋಲಿಸಿ.

‘ಟ್ಯಾಲಿ ಬರುತ್ತದೆ’ ಅನ್ನುವವರಿಗೆ ಒಂದು ಗಂಟೆಯ ಪೇಪರ್ ಕೊಡಿ. ನಿಮ್ಮ ಅಂಗಡಿಯ ಹಳೆಯ ಬಿಲ್ಲುಗಳನ್ನೇ ಹೆಸರು ಅಳಿಸಿ ಬಳಸಿ. ಒಂದು ಹುಬ್ಬಳ್ಳಿಯ ಬಿಲ್ಲು, ಒಂದು ಸೊಲ್ಲಾಪುರದ್ದು. ಸೀರೆಗೆ ಜಿಎಸ್‌ಟಿ ಶೇ. 5. ಹುಬ್ಬಳ್ಳಿಗೆ ಅದು ಕೇಂದ್ರದ ಸಿಜಿಎಸ್‌ಟಿ ಎರಡೂವರೆ, ರಾಜ್ಯದ ಎಸ್‌ಜಿಎಸ್‌ಟಿ ಎರಡೂವರೆ ಆಗಬೇಕು. ಸೊಲ್ಲಾಪುರ ಮಹಾರಾಷ್ಟ್ರ, ಅಲ್ಲಿಗೆ ಪೂರ್ತಿ ಐದೂ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ತೆರಿಗೆ). ಗಡಿಯಲ್ಲಿ ವ್ಯಾಪಾರ ಮಾಡುವ ನಿಮಗೆ ದಿನಾ ಬರುವ ವಿಷಯ ಇದು, ಇದರಲ್ಲೇ ತಪ್ಪಿದರೆ ಮುಂದೆ ನೋಡುವುದೇ ಬೇಡ. ವಾಪಸ್ ಬಂದ ನಾಲ್ಕು ಸೀರೆಯ ಒಂದು ಕ್ರೆಡಿಟ್ ನೋಟ್ ಇಡಿ. ಬರೆದುಕೊಟ್ಟಿದ್ದರೂ ಇನ್ನೂ ಬ್ಯಾಂಕಿನಲ್ಲಿ ಪಾಸಾಗದ ಒಂದು ಚೆಕ್ ಇಡಿ. ಒಂದೇ ಬಿಲ್ಲನ್ನು ಎರಡು ಸಲ ಸೇರಿಸಿ. ಕೊನೆಯದನ್ನು ಹಿಡಿದು ‘ಇದು ಡಬಲ್ ಬಂದಿದೆಯಲ್ಲ’ ಅಂತ ಬಂದು ಕೇಳುವವರನ್ನು ಬಿಡಬೇಡಿ, ವೇಗ ಸ್ವಲ್ಪ ಕಡಿಮೆಯಿದ್ದರೂ ಸರಿ. ತಿಂಗಳ ರಿಟರ್ನ್ ಆದರೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಯಾವಾಗ, 3ಬಿ (ತೆರಿಗೆ ಕಟ್ಟುವ ರಿಟರ್ನ್) ಯಾವಾಗ ಅಂತ ಬಾಯಲ್ಲಿ ಕೇಳಿ. ಮುಂದಿನ ತಿಂಗಳ 11 ಮತ್ತು 20 ಅನ್ನಲು ಯೋಚನೆ ಮಾಡಬಾರದು.

ಇನ್ನು ಬೀಗರು. ಇಲ್ಲ ಅನ್ನಬೇಡಿ, ‘ಅವಶ್ಯ ಬರಲಿ, ಶನಿವಾರ ಪೇಪರ್ ಇದೆ’ ಅನ್ನಿ. ಪೇಪರಿನ ಮೇಲೆ ಹೆಸರು ಬೇಡ, ನಂಬರ್ ಸಾಕು. ತಿದ್ದುವುದನ್ನು ನಿಮ್ಮ ಆಡಿಟರಿಗೆ ಕೊಡಿ. ಹುಡುಗ ಪಾಸಾದರೆ ಎಲ್ಲರಿಗೂ ಸಂತೋಷ, ನೀವೂ ಮನಸ್ಸಿನಲ್ಲಿ ಅನುಮಾನ ಇಟ್ಟುಕೊಳ್ಳಬೇಕಿಲ್ಲ. ಆಗದಿದ್ದರೆ ಬೇಡ ಅಂದದ್ದು ಆಡಿಟರ್, ನೀವಲ್ಲ. ಆಡಿಟರಿಗೆ ಇಂಥ ಕೆಟ್ಟ ಹೆಸರು ಹೊರುವ ಅಭ್ಯಾಸ ಇರುತ್ತದೆ, ಚಿಂತೆ ಮಾಡಬೇಡಿ.

ಆಯ್ಕೆ ಆದವರ ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ. ಅಭ್ಯರ್ಥಿಯ ಒಪ್ಪಿಗೆ ತಗೊಂಡೇ ಮಾಡಿ. ಈಗ ಕೆಲಸ ಮಾಡುತ್ತಿರುವ ಜಾಗಕ್ಕೆ ಮಾತ್ರ ಬೇಡ, ಪಾಪ ಇರುವುದೂ ಹೋದೀತು. ‘ಹೇಗಿದ್ದರು’ ಅಂದರೆ ಎಲ್ಲರೂ ‘ಚಲೋ ಇದ್ದರು’ ಅನ್ನುತ್ತಾರೆ. ‘ನಾಳೆ ಅವರು ವಾಪಸ್ ಬಂದರೆ ಮತ್ತೆ ತಗೋತೀರಾ?’ ಅಂತ ಕೇಳಿ. ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಮೇಲೆ ಗಮನ ಇರಲಿ.

ಸೇರಿಸಿಕೊಂಡ ಮೇಲೆ ನೇಮಕ ಪತ್ರ ಕೊಡಿ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ‘ನಮೂನೆ ಕ್ಯೂ’ ಅಂತ ಇದೆ, ಸೇರಿದ 30 ದಿನದೊಳಗೆ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ನೇಮಕ ಪತ್ರ ಕಡ್ಡಾಯ. ಕನ್ನಡದಲ್ಲೇ ಬರೆಯಿರಿ. ಸಂಬಳ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವಾಗ, ಪ್ರೊಬೇಷನ್ ಎಷ್ಟು ತಿಂಗಳು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ಆಮೇಲಿನ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ.

ಪ್ರಶ್ನೆ: ನನ್ನದು ನವನಗರದಲ್ಲಿ ಖಾನಾವಳಿ. ರೊಟ್ಟಿ ಬಡಿಯಲು ಬರುವ ಹೆಣ್ಣುಮಕ್ಕಳು ಒಂದು ತಿಂಗಳು ನಿಲ್ಲುವುದಿಲ್ಲ. ನಾಲ್ಕು ದಿನ ಟ್ರಯಲ್ ಅಂತ ಪಗಾರ ಇಲ್ಲದೆ ಇಟ್ಟುಕೊಂಡು ನೋಡಿಯೇ ತಗೊಳ್ಳುತ್ತೇನೆ. ಆದರೂ ಹೀಗೆ. ನಿಲ್ಲುವವರನ್ನು ಗುರುತಿಸುವುದು ಹೇಗೆ?
– ಖಾನಾವಳಿ ಮಾಲೀಕರು, ಬಾಗಲಕೋಟೆ

ಉತ್ತರ: ಅಣ್ಣಾವ್ರೇ, ನಾಲ್ಕು ದಿನ ಪುಕ್ಕಟೆ ದುಡಿಸಿಕೊಂಡ ಮಾಲೀಕನ ಬಗ್ಗೆ ಆ ಹೆಣ್ಣುಮಗಳು ಐದನೇ ದಿನಕ್ಕೆ ಒಂದು ತೀರ್ಮಾನಕ್ಕೆ ಬಂದಿರುತ್ತಾಳೆ. ಅದನ್ನು ಇವತ್ತೇ ನಿಲ್ಲಿಸಿ. ರೊಟ್ಟಿ ಬರುತ್ತದೋ ಇಲ್ಲವೋ ನೋಡಲು ನಾಲ್ಕು ದಿನ ಯಾಕೆ ಬೇಕು? ಜೋಳದ ಹಿಟ್ಟು ಮುಂದಿಟ್ಟು, ನೀರು ಕಾಯಲು ಇಟ್ಟು, ಅರ್ಧ ಗಂಟೆ ಪಕ್ಕದಲ್ಲಿ ನಿಲ್ಲಿ. ಹಿಟ್ಟಿಗೆ ಕೈ ಹಾಕಿ ಜಿಗಿ ಇದೆಯೋ ಇಲ್ಲವೋ ನೋಡಿ, ಅದಕ್ಕೆ ತಕ್ಕಂತೆ ಬಿಸಿನೀರು ಹಾಕುವವಳು ಕೈಗಾರಳು. ಅಂಚು ಸೀಳದಂತೆ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚುತ್ತಾಳಾ ನೋಡಿ. ಮೊದಲ ಐದು ರೊಟ್ಟಿ ಎಲ್ಲರದ್ದೂ ಚೆನ್ನಾಗಿರುತ್ತವೆ. ಹಿಂದಿನಿಂದ ‘ಎರಡು ಬಿಸಿ ರೊಟ್ಟಿ’ ಅಂತ ಯಾರಾದರೂ ಕೂಗುತ್ತಿರುವಾಗ ಇಪ್ಪತ್ತನೆಯದು ಹೇಗೆ ಬರುತ್ತದೆ ಅನ್ನುವುದು ಮುಖ್ಯ.

ಆದರೆ ನಿಮ್ಮ ತೊಂದರೆ ಆಯ್ಕೆಯದ್ದಲ್ಲ ಅಂತ ನನಗನಿಸುತ್ತದೆ. ಬರುವವರೆಲ್ಲ ಬಿಡುತ್ತಿದ್ದಾರೆ ಅಂದರೆ ಬಿಡಿಸುತ್ತಿರುವುದು ಜಾಗ. ಬಿಟ್ಟು ಹೋದವರಲ್ಲಿ ಇಬ್ಬರ ಮನೆಗೆ ನಿಮ್ಮ ಮನೆಯವರನ್ನು ಕಳಿಸಿ ಕೇಳಿಸಿ, ನೀವು ಹೋಗಬೇಡಿ. ನಿಮ್ಮೆದುರು ‘ಆರಾಮ ಇಲ್ಲ’ ಅನ್ನುತ್ತಾರೆ ಅಷ್ಟೇ. ಒಲೆ ಮುಂದೆ ಫ್ಯಾನ್ ಇದೆಯಾ, ಕೂತು ಬಡಿಯಲು ಆಗುತ್ತದಾ, ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅವರ ಊಟಕ್ಕೆ ಪಲ್ಯ ಉಳಿದಿರುತ್ತದಾ, ಸಂಜೆ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಮುಟ್ಟುತ್ತಾರಾ. ಕಾರಣ ಇಲ್ಲೆಲ್ಲೋ ಇರುತ್ತದೆ. ಕರೆಯುವಾಗಲೇ ‘ಬೆಳಗ್ಗೆ ಇಷ್ಟಕ್ಕೆ ಬರಬೇಕು, ಇಷ್ಟು ರೊಟ್ಟಿ ಬಡಿಯಬೇಕು, ಒಲೆ ಮುಂದೆ ಸೆಕೆ ಇರುತ್ತದೆ, ಪಗಾರ ಇಷ್ಟು, ಒಂದನೇ ತಾರೀಖಿಗೆ’ ಅಂತ ಇದ್ದದ್ದು ಇದ್ದಂತೆ ಹೇಳಿ. ಕೇಳಿ ಹೆದರಿದವರು ಅಲ್ಲೇ ಬೇಡ ಅನ್ನುತ್ತಾರೆ. ಒಪ್ಪಿ ಬಂದವರು ನಿಲ್ಲುತ್ತಾರೆ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿಗೆ ರಿಸೆಪ್ಷನ್ ಮತ್ತು ಬಿಲ್ಲಿಂಗ್‌ಗೆ ಹುಡುಗಿಯರು ಬೇಕು. ಮದುವೆ ಆದ ತಕ್ಷಣ ಬಿಡುತ್ತಾರೆ, ಇಲ್ಲ ಹೆರಿಗೆ ರಜೆ ಕೇಳುತ್ತಾರೆ. ‘ಮದುವೆ ಯಾವಾಗ, ಮಕ್ಕಳು ಯಾವಾಗ’ ಅಂತ ಮೊದಲೇ ಕೇಳಿದರೆ ತಪ್ಪೇ?
– ಆಡಳಿತಾಧಿಕಾರಿ, ವಿಜಯಪುರ

ಉತ್ತರ: ತಪ್ಪು. ಕೆಲಸಕ್ಕೆ ತಗೊಳ್ಳುವಾಗ ಹೆಣ್ಣು ಅನ್ನುವ ಕಾರಣಕ್ಕೆ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. ಈಗ ಅದು ವೇತನ ಸಂಹಿತೆಯೊಳಗೆ ಸೇರಿದೆ. ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ 2017ರಿಂದ ಇದೆ, ಅದು ನೀವು ಮಾಡುವ ಉಪಕಾರ ಅಲ್ಲ. ಮತ್ತೊಂದು ಮಾತು: ರಿಸೆಪ್ಷನ್‌ಗೆ ‘ಹುಡುಗಿಯರೇ’ ಯಾಕೆ ಬೇಕು? ಬಿಲ್ಲಿಂಗ್ ಕೌಂಟರಿನಲ್ಲಿ ಹುಡುಗ ಕೂತರೆ ರೋಗಿಗಳು ವಾಪಸ್ ಹೋಗುತ್ತಾರಾ?

ನಿಮಗೆ ನಿಜವಾಗಿ ಬೇಕಾದದ್ದನ್ನು ಕೇಳಿ. ‘ಬೆಳಗ್ಗೆ ಎಂಟಕ್ಕೆ ಕೌಂಟರ್ ತೆಗೆಯಬೇಕು, ತಿಂಗಳಿಗೆ ಎರಡು ಭಾನುವಾರ ಬರಬೇಕಾಗುತ್ತದೆ. ಆಗುತ್ತದಾ?’ ಇದನ್ನು ಹುಡುಗ, ಹುಡುಗಿ ಇಬ್ಬರಿಗೂ ಕೇಳಿ. ಪರೀಕ್ಷೆಗೆ ಒಂದು ಸನ್ನಿವೇಶ ಕೊಡಿ: ಇಂಡಿ ಕಡೆಯಿಂದ ಬಂದ ಮುದುಕಪ್ಪ ಬಿಲ್ಲು ಹೆಚ್ಚಾಯಿತು ಅಂತ ಜೋರಾಗಿ ಕೂಗಾಡುತ್ತಿದ್ದಾರೆ, ಹಿಂದೆ ಆರು ಜನ ಸಾಲಿನಲ್ಲಿದ್ದಾರೆ. ನೀವೇ ಆ ಮುದುಕಪ್ಪ ಆಗಿ ಕೂಗಾಡಿ. ಅವರು ಬಿಲ್ಲನ್ನು ಸಾಲುಸಾಲಾಗಿ ಓದಿ ತಿಳಿಸುತ್ತಾರಾ, ‘ಒಳಗೆ ಡಾಕ್ಟರನ್ನ ಕೇಳ್ರಿ’ ಅಂತ ಕೈ ತೊಳೆದುಕೊಳ್ಳುತ್ತಾರಾ ನೋಡಿ. ಮದುವೆ ತಾರೀಖಿಗಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಹೊಸಬ. ಡಿಪ್ಲೊಮಾ ಹುದ್ದೆಗಳಿಗೆ ರಾಶಿ ರೆಸ್ಯೂಮೆ ಬಂದಿವೆ. ಎಲ್ಲವೂ ಚಾಟ್‌ಜಿಪಿಟಿ ಬರೆದಂತಿವೆ, ಒಂದಕ್ಕೊಂದು ವ್ಯತ್ಯಾಸವೇ ಇಲ್ಲ. ಇವನ್ನು ಸೋಸಲು ಎಐ ಸಾಫ್ಟ್‌ವೇರ್ ತಗೊಳ್ಳೋಣವೇ ಅಂತ ನಮ್ಮ ಸಾಹೇಬರು ಕೇಳುತ್ತಿದ್ದಾರೆ.
– ಓದುಗ, ಮಚ್ಛೆ, ಬೆಳಗಾವಿ

ಉತ್ತರ: ಮಷೀನ್ ಬರೆದದ್ದನ್ನು ಇನ್ನೊಂದು ಮಷೀನ್ ಓದಿ ಯಾರನ್ನು ಆರಿಸುತ್ತದೆ ತಮ್ಮಾ? ಅಮೆಜಾನಿನವರು ಇಂಥದ್ದೊಂದು ಕಟ್ಟಿ ಕೈಬಿಟ್ಟ ಸುದ್ದಿ 2018ರಲ್ಲಿ ಬಂದಿತ್ತು. ಹಳೆಯ ಅರ್ಜಿಗಳಲ್ಲಿ ಗಂಡಸರೇ ಜಾಸ್ತಿ ಇದ್ದದ್ದನ್ನು ನೋಡಿ ಕಲಿತ ಆ ಸಾಫ್ಟ್‌ವೇರ್, ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಹಾಕುತ್ತಿತ್ತು. ನಿಮ್ಮ ಕಂಪನಿಯ ಹಳೆಯ ಆಯ್ಕೆಗಳನ್ನು ಕಲಿಸಿದರೆ ಅದು ಯಾರನ್ನು ಬೇಡ ಅನ್ನುತ್ತದೆ ಅಂತ ನೀವೇ ಯೋಚಿಸಿ.

ರೆಸ್ಯೂಮೆಯಲ್ಲಿ ಓದು, ಊರು, ಫೋನ್ ನಂಬರ್ ಇಷ್ಟು ನೋಡಿದರೆ ಸಾಕು. ಆಮೇಲೆ ಹತ್ತು ನಿಮಿಷದ ಫೋನ್. ‘ಡಿಪ್ಲೊಮಾ ಪ್ರಾಜೆಕ್ಟಿನಲ್ಲಿ ನೀನೇ ಕೈಯಾರೆ ಮಾಡಿದ ಭಾಗ ಯಾವುದು? ಎಲ್ಲಿ ಕೆಟ್ಟಿತು?’ ಕೆಟ್ಟ ಕಥೆ ಹೇಳುವಾಗ ಮಾಡಿದವನ ಗಂಟಲು ಜೋರಾಗುತ್ತದೆ. ಕನ್ನಡದಲ್ಲೇ ಕೇಳಿ. ಇಂಗ್ಲಿಷ್ ತಡವರಿಸಿತು ಅಂತ ಒಳ್ಳೆಯ ಫಿಟ್ಟರುಗಳನ್ನು ಕಳೆದುಕೊಂಡ ಕಂಪನಿಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಆಗದವರ ಆಧಾರ್, ಮಾರ್ಕ್ಸ್ ಕಾರ್ಡಿನ ಪ್ರತಿಗಳನ್ನು ಅಳಿಸಿ ಹಾಕಿ, ಗ್ರೂಪುಗಳಲ್ಲಿ ಓಡಾಡಿಸಬೇಡಿ.

ಪ್ರಶ್ನೆ: ನಮ್ಮಲ್ಲಿ 34 ಜನ ಇದ್ದಾರೆ. ಅಪ್ರೆಂಟಿಸ್ ತಗೊಳ್ಳಲೇಬೇಕು ಅನ್ನುತ್ತಾರೆ, ನಿಜವೇ? ಅದರಿಂದ ನಮಗೇನು ಲಾಭ?
– ಹೈಡ್ರಾಲಿಕ್ ಪಾರ್ಟ್ಸ್ ತಯಾರಕರು, ಹೊನಗಾ, ಬೆಳಗಾವಿ

ಉತ್ತರ: ನಿಜ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನ ಇದ್ದರೆ ಕಡ್ಡಾಯ. ಗುತ್ತಿಗೆಯವರನ್ನೂ ಸೇರಿಸಿದ ಒಟ್ಟು ಸಂಖ್ಯೆಯ ಶೇ. 2.5ರಿಂದ 15ರವರೆಗೆ ತಗೊಳ್ಳಬೇಕು. ನಿಮಗೆ ಅದು ಒಬ್ಬರಿಂದ ಐವರು. 4ರಿಂದ 29 ಜನ ಇರುವವರು ಇಷ್ಟ ಇದ್ದರೆ ತಗೊಳ್ಳಬಹುದು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟು, ತಿಂಗಳಿಗೆ 1500 ರೂಪಾಯಿ ಮಿತಿಯಲ್ಲಿ, ಸರ್ಕಾರವೇ ಹುಡುಗರ ಖಾತೆಗೆ ಹಾಕುತ್ತದೆ.

ಲಾಭ ಕೇಳಿದಿರಲ್ಲ. ಮುಕ್ಕಾಲು ಗಂಟೆಯ ಸಂದರ್ಶನಕ್ಕೆ ಬದಲು ತಿಂಗಳುಗಟ್ಟಲೆ ಒಬ್ಬ ಹುಡುಗನ ಕೈ, ಗುಣ, ಹಾಜರಿ ಎಲ್ಲ ನೋಡಲು ಸಿಗುತ್ತದೆ. ಸೋಮವಾರ ಬೆಳಗ್ಗೆ ಬರುತ್ತಾನಾ, ಮಷೀನ್ ಒರೆಸಿ ಹೋಗುತ್ತಾನಾ ಅನ್ನುವುದನ್ನು ಯಾವ ಸಂದರ್ಶನವೂ ತೋರಿಸುವುದಿಲ್ಲ. ಆದರೆ ಕಸ ಗುಡಿಸಲು, ಚಹಾ ತರಲು ಅಂತ ಇಟ್ಟುಕೊಂಡರೆ ಎರಡೂ ಕಡೆಗೆ ನಷ್ಟ. ಐಟಿಐ, ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಮಾಸ್ತರರನ್ನು ಪರಿಚಯ ಮಾಡಿಕೊಳ್ಳಿ. ‘ಯಾರಿಗೆ ಮಾರ್ಕ್ಸ್ ಜಾಸ್ತಿ’ ಅಂತ ಕೇಳಬೇಡಿ, ‘ವರ್ಕ್‌ಶಾಪ್ ಬಾಗಿಲು ಹಾಕುವಾಗಲೂ ಒಳಗೆ ಉಳಿದಿರುವವನು ಯಾರು’ ಅಂತ ಕೇಳಿ. ಅವಧಿ ಮುಗಿದ ಮೇಲೆ ಕೆಲಸ ಕೊಡುತ್ತೀರೋ ಇಲ್ಲವೋ ಅನ್ನುವುದನ್ನು ಸೇರುವ ದಿನವೇ ಬಾಯಿಬಿಟ್ಟು ಹೇಳಿಬಿಡಿ.

ಪ್ರಶ್ನೆ: ನಾನು ಸಿಂದಗಿಯವಳು, ಬಿಕಾಂ ಆಗಿದೆ. ಬೆಳಗಾವಿಗೆ ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಬಂದೆ. ‘ತಿಳಿಸುತ್ತೇವೆ’ ಅಂದವರು ತಿಳಿಸಲೇ ಇಲ್ಲ. ಈಗ ಯಾವುದೋ ಬೆಂಗಳೂರಿನ ಕಂಪನಿ ಹೆಸರಿನಲ್ಲಿ ವಾಟ್ಸಾಪ್‌ಗೆ ಆಫರ್ ಲೆಟರ್ ಬಂದಿದೆ. ಟ್ರೇನಿಂಗ್ ಡಿಪಾಸಿಟ್ ಅಂತ 4500 ರೂಪಾಯಿ ಕೇಳುತ್ತಿದ್ದಾರೆ. ಕಟ್ಟಲೇ?
– ಓದುಗಳು, ವಿಜಯಪುರ ಜಿಲ್ಲೆ

ಉತ್ತರ: ತಂಗೀ, ಒಂದು ಪೈಸೆಯನ್ನೂ ಕಟ್ಟಬೇಡ. ಸಂದರ್ಶನ ಮಾಡದೆ ಆಫರ್ ಲೆಟರ್ ಕಳಿಸಿ ಹಣ ಕೇಳುವವರು ಕೆಲಸ ಕೊಡುವವರಲ್ಲ.

ಬೆಳಗಾವಿಯ ಆ ಇಬ್ಬರು ಮಾಲೀಕರು ಈ ಪತ್ರಿಕೆ ಓದುತ್ತಿದ್ದರೆ ಅವರಿಗೆ ಒಂದು ಮಾತು. ಸಿಂದಗಿಯಿಂದ ಬಸ್ಸಿಗೆ ಬಂದು ಹೋಗಲು ಒಂದು ಇಡೀ ದಿನ ಬೇಕು, ಟಿಕೆಟ್ ಹಣ ಬೇಕು. ‘ಈ ಸಲ ಆಗಲಿಲ್ಲಮ್ಮ’ ಅಂತ ಒಂದು ಮೆಸೇಜ್ ಕಳಿಸಲು ಏನೂ ಬೇಕಾಗಿಲ್ಲ. ಇವತ್ತು ಬೇಡವಾದವಳು ಇನ್ನಾರು ತಿಂಗಳಿಗೆ ನಿಮಗೇ ಬೇಕಾಗಬಹುದು. ಆಗ ಅವಳು ನಿಮ್ಮ ಫೋನ್ ಎತ್ತುವುದಿಲ್ಲ, ಗೆಳತಿಯರಿಗೂ ಎತ್ತಬೇಡಿ ಅನ್ನುತ್ತಾಳೆ.

ನೀನು ಇನ್ನೊಂದು ಸಲ ಆ ಎರಡೂ ಕಡೆ ಫೋನ್ ಮಾಡಿ ಕೇಳು ತಂಗಿ, ನಾಚಿಕೆ ಬೇಡ. ಹಾಗೇ ಮೇಲೆ ಇಳಕಲ್‌ನವರಿಗೆ ಹೇಳಿದ ಟ್ಯಾಲಿ ಪೇಪರನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡು. ಆ ವಾಟ್ಸಾಪ್ ನಂಬರನ್ನು ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಹಣ ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡು.